ಸಹಾಯ ಬೇಕು: ಡೇಕೇರ್‌ನಲ್ಲಿ ಪಾಪುಗೆ ಬಾಟಲಿ ಖಾಲಿಯಾಗುವವರೆಗೂ ಕುಡಿಸುತ್ತಾರೆ

ನಮಸ್ಕಾರ. ಮಗಳಿಗೆ 5 ತಿಂಗಳು. ನಾನು ಕೆಲಸಕ್ಕೆ ವಾಪಸ್ ಹೋಗಿ 3 ವಾರ ಆಯ್ತು. ದಿನಾ 3 ಬಾಟಲಿ ಎದೆಹಾಲು ಕಳಿಸುತ್ತೇನೆ, ಒಂದೊಂದರಲ್ಲಿ 100 ಮಿ.ಲೀ. ಮಧ್ಯಾಹ್ನಕ್ಕೇ ಎಲ್ಲ ಮುಗಿದಿರುತ್ತದೆ. "ಹಾಲು ಸಾಲ್ತಿಲ್ಲ ಮೇಡಂ, ಫಾರ್ಮುಲಾ ಕೊಡಿ" ಅಂತ ದಿನಾ ಅದೇ ಮಾತು.

ಮೊನ್ನೆ ಬೇಗ ಹೋದೆ. ಮಗುವನ್ನು ಮಲಗಿಸಿ ಬಾಟಲಿ ಪೂರ್ತಿ ಬಗ್ಗಿಸಿ ಹಿಡಿದಿದ್ದರು. ಅವಳು ಮುಖ ತಿರುಗಿಸಿದ ಕಡೆಗೆಲ್ಲ ನಿಪ್ಪಲ್ ಹಿಂದೆಯೇ ಬರುತ್ತಿತ್ತು. ಹಾಲು ಕೆನ್ನೆಯಿಂದ ಇಳಿದು ಕತ್ತಿನ ಮಡಿಕೆಯಲ್ಲಿ ನಿಂತಿತ್ತು. ಐದೇ ನಿಮಿಷ, ಬಾಟಲಿ ಖಾಲಿ. ಆಮೇಲೆ ಅತ್ತರೆ ಹಸಿವಂತೆ! ಹೊಟ್ಟೆ ಬಿರಿದರೂ ಮಗು ಅಳುತ್ತೆ ಅಲ್ವಾ?

ನೆಟ್ಟಗೆ ಕೂರಿಸಿಕೊಂಡು, ಬಾಟಲಿ ಅಡ್ಡ ಹಿಡಿದು, ಮಧ್ಯೆ ಮಧ್ಯೆ ನಿಲ್ಲಿಸಿ ಕುಡಿಸಿ ಅಂದೆ. "ಇಷ್ಟು ಮಕ್ಕಳಿರುವಾಗ ಅಷ್ಟು ಹೊತ್ತು ಎಲ್ಲಿ?" ಅಂದರು. ಅವರ ಕಷ್ಟವೂ ಸುಳ್ಳಲ್ಲ. ಆದರೆ ನಿನ್ನೆ, ಹಾಲಿಗೆ ಸಿರಿಯಲ್ ಬೆರೆಸೋಣ ಅಂದಾಗ ಮಾತ್ರ ಸಿಟ್ಟು ನೆತ್ತಿಗೇರಿತು. ಅದು ಗಂಟಲಿಗೆ ಸಿಕ್ಕಿಕೊಂಡರೆ? 6 ತಿಂಗಳವರೆಗೆ ಎದೆಹಾಲು ಒಂದೇ ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಮಗಳ ತೂಕವೂ ಚೆನ್ನಾಗಿ ಏರುತ್ತಿದೆ.

ಬಾಯಿಟ್ಟ ಬಾಟಲಿಯ ಹಾಲನ್ನು 2 ಗಂಟೆಯೊಳಗೆ ಮುಗಿಸಬೇಕಲ್ಲ, ಚೆಲ್ಲಲು ಮನಸ್ಸಿಲ್ಲದೆ ತುರುಕುತ್ತಾರೋ ಏನೋ. 60 ಮಿ.ಲೀ.ನ ಸಣ್ಣ ಬಾಟಲಿಗಳಲ್ಲಿ ಕಳಿಸಿ ನೋಡಿದವರು ಇದ್ದೀರಾ? ಡಾಕ್ಟರ ಹತ್ತಿರ ಚೀಟಿ ಬರೆಸಿ ಕೊಟ್ಟರೆ ಕೇಳುತ್ತಾರಾ? ಸುಮ್ನೆ ಡೇಕೇರ್ ಬದಲಿಸಿ ಅನ್ನಬೇಡಿ. ಅಲ್ಲಿನ ಒಬ್ಬ ಆಂಟಿಯನ್ನು ಕಂಡರೆ ಇವಳು ಕೈಕಾಲು ಬಡಿದು ನಗುತ್ತಾಳೆ.