ಗ್ರಹಣದ ಫೋಟೋ: ಭಾವನ ಪ್ರಶ್ನೆಗೆ ಉದ್ದನೆಯ ಉತ್ತರ

ಭಾವ, ಮನೆಯವರ ಗ್ರೂಪಲ್ಲಿ ನಿಮ್ಮ ಮೆಸೇಜ್ ಈಗ ನೋಡಿದೆ. 2027ರ ಆಗಸ್ಟ್ 2ರ ಖಗ್ರಾಸ ಗ್ರಹಣಕ್ಕೆ ಈಜಿಪ್ಟಿನ ಲಕ್ಸರ್‌ಗೆ ಹೋಗೋಣ ಅಂತ ಅಕ್ಕ ಹಟ ಹಿಡಿದಿದ್ದಾಳೆ. ನೀವು ಆಗಲೇ ಕ್ಯಾಮೆರಾ ಒರೆಸಿ ಇಟ್ಟಿದ್ದೀರಿ. ಗ್ರಹಣದ ಕನ್ನಡಕ ಹಾಕಿಕೊಂಡು ವ್ಯೂಫೈಂಡರ್‌ನಲ್ಲಿ ನೋಡಿದರೆ ಸಾಕಲ್ವಾ ಅಂತ ಕೇಳಿದ್ದೀರಿ. ಸಾಲದು ಭಾವ, ಖಂಡಿತ ಹಾಗೆ ಮಾಡಬೇಡಿ. ಟೈಪ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ ಅಂತ ಮಾತಾಡಿಯೇ ಬರೆಸುತ್ತಿದ್ದೇನೆ, ಉದ್ದವಾದರೆ ಬೈಯಬೇಡಿ.

ಆ ಕನ್ನಡಕ ಇರುವುದು ಬರಿಗಣ್ಣಿಗೆ ಬೀಳುವ ಬಿಸಿಲಿಗೆ ಮಾತ್ರ. ಲೆನ್ಸ್ ಬಿಸಿಲನ್ನು ಒಂದೇ ಕಡೆ ಕೂಡಿಸುತ್ತದೆ. ಕೂಡಿದ ಬಿಸಿಲು ಕನ್ನಡಕದ ತೆಳು ಹಾಳೆಯನ್ನೇ ಸುಟ್ಟು ಕಣ್ಣಿಗೆ ಬಡಿಯಬಹುದು. ಅದಕ್ಕೇ ಫಿಲ್ಟರ್ ಲೆನ್ಸಿನ ಮುಂದೆ, ಸೂರ್ಯನ ಕಡೆಗೆ ಇರಬೇಕು. ಬೈನಾಕ್ಯುಲರ್‌ಗೂ ಹಾಗೇ, ಮುಂದಿನ ಎರಡೂ ಲೆನ್ಸಿಗೆ, ಸೂರ್ಯನ ಕಡೆಗೆ. ಸರಿಯಾದ ಸೋಲಾರ್ ಫಿಲ್ಟರ್ ಲಕ್ಷದಲ್ಲಿ ಒಂದು ಪಾಲು ಬೆಳಕನ್ನಷ್ಟೇ ಒಳಗೆ ಬಿಡುತ್ತದೆ. ಕನ್ನಡಕ ಕೊಳ್ಳುವಾಗ ಐಎಸ್‌ಒ 12312-2 ಅಂತ ಬರೆದಿದೆಯಾ ನೋಡಿ, ಸೂರ್ಯನನ್ನು ನೋಡುವ ಕನ್ನಡಕಕ್ಕೆ ಇರುವ ಅಂತಾರಾಷ್ಟ್ರೀಯ ಮಾನದಂಡ ಅದು. ಗೀರು ಬಿದ್ದಿದ್ದರೆ ಎಸೆದುಬಿಡಿ.

ಹಳೇ ಎಕ್ಸ್‌ರೇ ಫಿಲ್ಮ್ ಬೇಡವೇ ಬೇಡ. ಕಪ್ಪಗೆ ಕಾಣುತ್ತದೆ ನಿಜ, ಆದರೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಅದರಲ್ಲಿ ಸಲೀಸಾಗಿ ಹಾಯುತ್ತದೆ. ರೆಟಿನಾ ಸುಟ್ಟರೆ ನೋವೂ ಆಗುವುದಿಲ್ಲ. ಗಂಟೆಗಳಾದ ಮೇಲೆ, ನೋಡಿದ ಕಡೆಯೆಲ್ಲ ನಡುವೆ ಒಂದು ಮಬ್ಬು ಕಲೆ ಕಂಡಾಗಲೇ ಗೊತ್ತಾಗುವುದು. ತಟ್ಟೆಯ ನೀರಿನಲ್ಲಿ ನೋಡುವುದು ಸೇಫ್ ಅಂತ ಅತ್ತೆ ಹಾಕಿದ್ದಾರಲ್ಲ, ಲೆಕ್ಕ ಹಾಕಿ ಅತ್ತೆ: ಸೂರ್ಯ ನೆತ್ತಿಯ ಮೇಲಿದ್ದಾಗ ನೀರು ಸುಮಾರು ಶೇಕಡಾ 2ರಷ್ಟು ಬೆಳಕನ್ನು ವಾಪಸ್ ಕಳಿಸುತ್ತದೆ. ಅಂದರೆ ಫಿಲ್ಟರ್ ಬಿಡುವುದಕ್ಕಿಂತ ಎರಡು ಸಾವಿರ ಪಟ್ಟು ಜಾಸ್ತಿ!

ಇನ್ನು ಫಿಲ್ಟರ್ ತೆಗೆಯುವುದು ಯಾವಾಗ? ಸೂರ್ಯ ಪೂರ್ತಿ ಮುಚ್ಚಿದಾಗ ಮಾತ್ರ. ಶೇಕಡಾ 99 ಮುಚ್ಚಿದರೂ ಉಳಿದ ಆ ಚೂರು ಕಣ್ಣು ಸುಡಲು ಸಾಕು. ಕೊನೆಗೆ ಚಂದ್ರನ ಅಂಚಿನ ಕಣಿವೆಗಳಿಂದ ಬೆಳಕಿನ ಮಣಿಗಳು ಇಣುಕುತ್ತವೆ, ಅವಕ್ಕೆ ಬೇಯ್ಲಿ ಎನ್ನುವ ಖಗೋಳ ವಿಜ್ಞಾನಿಯ ಹೆಸರಲ್ಲಿ ಬೇಯ್ಲಿಯ ಮಣಿಗಳು ಅಂತ ಹೆಸರು. ಆಮೇಲೆ ಒಂದೇ ಮಣಿ ಉಳಿದು ವಜ್ರದುಂಗುರ ಆಗುತ್ತದೆ. ಅದೂ ಆರಿದ ಮೇಲೆ ಬರಿಗಣ್ಣಲ್ಲಿ ನೋಡಿ. ಆಗ ಕಾಣುವ ಕರೋನಾ, ಅಂದರೆ ಸೂರ್ಯನ ಹೊರಗಿನ ವಾತಾವರಣ, ಹೆಚ್ಚು ಕಡಿಮೆ ಹುಣ್ಣಿಮೆ ಚಂದ್ರನಷ್ಟೇ ಬೆಳಗುತ್ತದೆ, ಭಯ ಇಲ್ಲ. ಕನ್ನಡಕ ಹಾಕಿಕೊಂಡೇ ಇದ್ದರೆ ಬರೀ ಕತ್ತಲೆ. ದುಡ್ಡು ಸುರಿದು ಅಷ್ಟು ದೂರ ಹೋಗಿ ಕತ್ತಲೆ ನೋಡಿ ಬರುವುದು ಯಾಕೆ, ಅಲ್ವಾ? ಇನ್ನೊಂದು ಅಂಚಲ್ಲಿ ಬೆಳಕು ಮಿಂಚಿದ ಕೂಡಲೇ ಮತ್ತೆ ಹಾಕಿಕೊಳ್ಳಿ. ಲೆನ್ಸಿಗೂ ಹಾಕಿ.

ಫೋಟೋ ವಿಷಯಕ್ಕೆ ಬರೋಣ. ಲೆನ್ಸ್ ಎಷ್ಟು ಮಿಲಿಮೀಟರ್ ಇದೆಯೋ ಅದನ್ನು 110ರಿಂದ ಭಾಗಿಸಿ, ಸೆನ್ಸರ್ ಮೇಲೆ ಬೀಳುವ ಸೂರ್ಯನ ಅಗಲ ಸಿಗುತ್ತದೆ. 50 ಎಂಎಂ ಲೆನ್ಸಲ್ಲಿ ಅರ್ಧ ಮಿಲಿಮೀಟರೂ ಇಲ್ಲ. 500ರಲ್ಲಿ ನಾಲ್ಕೂವರೆ. ಕರೋನಾ ಸುತ್ತ ಹರಡಿಕೊಳ್ಳುವುದರಿಂದ 400ರಿಂದ 600 ಸಾಕು, ಇನ್ನೂ ದೊಡ್ಡದಕ್ಕೆ ಆಸೆ ಪಡಬೇಡಿ. ಫಿಲ್ಟರ್ ಇದ್ದಾಗ ಕ್ಯಾಮೆರಾದ ಐಎಸ್‌ಒ (ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) 100, ಲೆನ್ಸಿನ ಬಾಯಿ ಎಫ್ 8, ಶಟರ್ ತೆರೆದಿರುವ ಹೊತ್ತು ಸೆಕೆಂಡಿನ 500ನೇ ಒಂದು ಭಾಗದ ಆಸುಪಾಸಿನಿಂದ ಶುರು ಮಾಡಿ. ಫಿಲ್ಟರ್ ತೆಗೆದಾಗ ಒಂದೇ ಎಕ್ಸ್‌ಪೋಶರ್ ಸಾಲುವುದಿಲ್ಲ. ಅಂಚಿನ ಕೆಂಪು ಜ್ವಾಲೆಗಳಿಗೆ 1000ನೇ ಒಂದು ಭಾಗ ಬೇಕು, ಹೊರಗಿನ ಕರೋನಾಗೆ ಒಂದು ಸೆಕೆಂಡ್ ತನಕ ಬೇಕು. ಆಟೋ ಬ್ರ್ಯಾಕೆಟಿಂಗ್‌ಗೆ ಹಾಕಿ ಬಟನ್ ಒತ್ತಿಬಿಡಿ, ಕ್ಯಾಮೆರಾ ತಾನೇ ಬೇರೆ ಬೇರೆ ಎಕ್ಸ್‌ಪೋಶರ್‌ನಲ್ಲಿ ಸಾಲಾಗಿ ತೆಗೆಯುತ್ತದೆ. ಕರೋನಾದ ಮೊದಲ ಒಳ್ಳೆ ಫೋಟೋ 1851ರಲ್ಲಿ ಆಗಿನ ಪ್ರಷ್ಯಾದ ಕ್ಯೋನಿಗ್ಸ್‌ಬರ್ಗ್‌ನಲ್ಲಿ ಬೆರ್ಕೋವ್‌ಸ್ಕಿ ಎನ್ನುವವರು ತೆಗೆದದ್ದು. ಆ ಒಂದೇ ಚಿತ್ರಕ್ಕೆ 84 ಸೆಕೆಂಡ್ ಹಿಡಿದಿತ್ತು!

ಫೋಕಸ್ ಮೊದಲೇ ಕೈಯಲ್ಲೇ ಕೂರಿಸಿ, ರಿಂಗ್‌ಗೆ ಟೇಪ್ ಅಂಟಿಸಿ. ಫ್ಲ್ಯಾಶ್ ಆಫ್ ಇರಲಿ, ಇಲ್ಲದಿದ್ದರೆ ಪಕ್ಕದವರು ಸುಮ್ನೆ ಬಿಡುವುದಿಲ್ಲ. ಸೂರ್ಯ ಎರಡೇ ನಿಮಿಷದಲ್ಲಿ ತನ್ನ ಅಗಲದಷ್ಟು ಸರಿಯುತ್ತಾನೆ. ಲಕ್ಸರ್‌ನಲ್ಲಿ ಕತ್ತಲೆ ಆರು ನಿಮಿಷಕ್ಕೂ ಜಾಸ್ತಿ ಇರುತ್ತದೆ, ನಡುನಡುವೆ ಫ್ರೇಮ್ ಸರಿಮಾಡಲೇಬೇಕು. ಅಲ್ಲಿ ಸೂರ್ಯ ಹೆಚ್ಚು ಕಡಿಮೆ ನೆತ್ತಿಯ ಮೇಲೇ ಇರುತ್ತಾನೆ. ನಿಮ್ಮ ಟ್ರೈಪಾಡ್ ತಲೆ ಅಷ್ಟು ಮೇಲಕ್ಕೆ ತಿರುಗುತ್ತದಾ? ಹುಣ್ಣಿಮೆ ಚಂದ್ರ ನೆತ್ತಿಗೆ ಬಂದಾಗ ಪರೀಕ್ಷೆ ಮಾಡಿ, ಆಕಾಶದಲ್ಲಿ ಇಬ್ಬರ ಅಗಲವೂ ಒಂದೇ.

ಅಕ್ಕಾ, ನಿನ್ನ ಫೋನಲ್ಲಿ ಸೂರ್ಯ ಒಂದು ಚುಕ್ಕೆ ಅಷ್ಟೇ. ನೀನು ಅಡುಗೆಮನೆಯ ಜರಡಿ ತಗೊಂಡು ಹೋಗು, ತೂತು ಸ್ವಲ್ಪ ದೊಡ್ಡದಿರುವುದು. ಪಾರ್ಶ್ವ ಗ್ರಹಣ ನಡೆಯುವಾಗ ಬಿಸಿಲಿಗೆ ಬೆನ್ನು ಹಾಕಿ ಬಿಳಿ ಹಾಳೆಯ ಮೇಲೆ ಅದನ್ನು ಹಿಡಿ. ಒಂದೊಂದು ತೂತಿನಿಂದಲೂ ಒಂದೊಂದು ಪುಟ್ಟ ಕುಡುಗೋಲು ಸೂರ್ಯ ಬೀಳುತ್ತದೆ, ಎಲ್ಲವೂ ಒಂದೇ ಕಡೆಗೆ ಬಾಗಿರುತ್ತವೆ. ಒಂದು ಮೀಟರ್ ದೂರ ಹಿಡಿದರೆ ಒಂಬತ್ತು ಮಿಲಿಮೀಟರ್ ಅಗಲ. ಮರದ ಎಲೆಗಳ ಸಂದಿಯಲ್ಲೂ ಹೀಗೇ ಆಗುತ್ತದೆ, ಕೆಳಗೆ ನೆಲ ನೋಡು. ನನ್ನ ಕೇಳಿದರೆ ಫೋನಲ್ಲಿ ತೆಗೆಯಬಹುದಾದ ಚಂದದ ಗ್ರಹಣದ ಫೋಟೋ ಇದೇ. ಪೂರ್ತಿ ಕತ್ತಲಾಗುವ ಐದು ನಿಮಿಷ ಮುಂಚೆ ಫೋನನ್ನು ಎಲ್ಲಾದರೂ ಒರಗಿಸಿ, ಜನರ ಕಡೆ ತಿರುಗಿಸಿ ವಿಡಿಯೋ ಹಾಕಿಬಿಡು. ಕಿರುಚಾಟ, ಸುತ್ತ ದಿಗಂತದಲ್ಲಿ ಮುಸ್ಸಂಜೆಯ ಬಣ್ಣ, ಎಲ್ಲ ಬರುತ್ತದೆ.

ಭಾವ, ಫಿಲ್ಟರ್ ಆರ್ಡರ್ ಮಾಡುವ ಮುಂಚೆ ನಿಮ್ಮ ಲೆನ್ಸಿನ ಮುಂಭಾಗದ ಅಳತೆ ಇಲ್ಲಿ ಹಾಕಿ. ಸ್ಕ್ರೂ ಹಾಕಿ ಕೂರಿಸುವುದು ಬೇಡ, ಒಂದೇ ಎಳೆತಕ್ಕೆ ಬರುವಂಥದ್ದು ಹುಡುಕೋಣ.