ತಲೆಗೆ ಪೆಟ್ಟಾದ ಮೇಲೆ ಮೊಣಕೈ ಗಟ್ಟಿಯಾಗಿದೆ, ಎಣ್ಣೆ ಹಾಕಿ ಎಳೆಸಬಹುದಾ?

ಪ್ರಶ್ನೆ (ಮಂಡ್ಯ): ನಮಸ್ಕಾರ ಡಾಕ್ಟ್ರೇ. ನನ್ನ ತಮ್ಮ ಎರಡೂವರೆ ತಿಂಗಳ ಹಿಂದೆ ಬೈಕಿನಿಂದ ಬಿದ್ದು ಮೂರು ವಾರ ಪ್ರಜ್ಞೆ ಇಲ್ಲದೆ ಐಸಿಯುನಲ್ಲಿದ್ದ. ಈಗ ಮನೆಗೆ ಬಂದಿದ್ದಾನೆ, ಮಾತಾಡುತ್ತಾನೆ. ಆದರೆ ಬಲ ಮೊಣಕೈ ಊದಿ ಬಿಸಿಯಾಗಿದೆ. ಮುದ್ದೆ ಮುರಿದು ಎತ್ತಿದರೆ ತುತ್ತು ಎದೆ ಹತ್ತಿರವೇ ನಿಂತುಬಿಡುತ್ತದೆ, ಅವನೇ ಬಗ್ಗಿ ಬಾಯಿಗೆ ಹಾಕಿಕೊಳ್ಳುತ್ತಾನೆ. ಆ ಕೈಗೆ ಏಟೇ ಬಿದ್ದಿರಲಿಲ್ಲ! ಎಕ್ಸ್‌ರೇ ನೋಡಿ ಹೊಸ ಮೂಳೆ ಬೆಳೆಯುತ್ತಿದೆ ಅಂದರು. ಊರಲ್ಲೊಬ್ಬರು ಎಣ್ಣೆ ಹಾಕಿ ಎಳೆದು ಸರಿ ಮಾಡ್ತೀನಿ ಅಂತಾರೆ.

ಉತ್ತರ: ಎಳೆಸಬೇಡಿ ತಾಯಿ. ಇದಕ್ಕೆ ಹೆಟೆರೊಟೋಪಿಕ್ ಆಸಿಫಿಕೇಶನ್ ಅಂತಾರೆ, ಅಂದರೆ ಸ್ನಾಯು ಇರಬೇಕಾದ ಕಡೆ ಮೂಳೆ ಕಟ್ಟಿಕೊಳ್ಳುವುದು. ಕ್ಯಾನ್ಸರ್ ಅಲ್ಲ. ತಿಂದ ಹಾಲು, ರಾಗಿಯ ಕ್ಯಾಲ್ಸಿಯಂನಿಂದಲೂ ಅಲ್ಲ, ಹಾಗಾಗಿ ಮುದ್ದೆ ನಿಲ್ಲಿಸಬೇಡಿ (ಹೀಗೆ ನಿಲ್ಲಿಸಿದವರನ್ನು ನೋಡಿದ್ದೇನೆ, ಅದಕ್ಕೇ ಹೇಳಿದೆ). ಮಿದುಳಿಗೆ ಪೆಟ್ಟಾದಾಗ, ಅದರಲ್ಲೂ ತುಂಬಾ ದಿನ ಪ್ರಜ್ಞೆ ಇಲ್ಲದೆ ಮಲಗಿದ್ದು ಕೈಕಾಲು ಬಿಗಿದುಕೊಂಡಿದ್ದರೆ, ಸೊಂಟದ ಕೀಲು, ಮೊಣಕೈ, ಭುಜ, ಮಂಡಿಯಲ್ಲಿ ಇದು ಬರುತ್ತದೆ. ಬಲವಂತವಾಗಿ ಎಳೆದರೆ ಒಳಗೆ ಸ್ನಾಯು ಹರಿದು ಊತ ಜಾಸ್ತಿಯಾಗಬಹುದು. ಹಾಗಂತ ಸುಮ್ನೆ ಮಡಿಸಿಟ್ಟರೂ ಕೈ ಹಾಗೇ ಕೂತುಬಿಡುತ್ತದೆ. ಫಿಸಿಯೋ ಹೇಳಿಕೊಟ್ಟಂತೆ ನೋವು ಶುರುವಾಗುವವರೆಗೆ ಮಾತ್ರ ಮೆಲ್ಲಗೆ ಆಡಿಸಿ. ಕಿರುಬೆರಳು ಜೋಮು ಹಿಡಿಯುತ್ತಾ ಕೇಳಿ, ಹೌದು ಅಂದರೆ ಮೂಳೆ ನರವನ್ನು ಒತ್ತುತ್ತಿರಬಹುದು, ಬೇಗ ತೋರಿಸಿ.

ಪ್ರಶ್ನೆ (ಮೈಸೂರು): ಸರ್, ನಮ್ಮ ಯಜಮಾನರಿಗೂ ತಲೆಗೆ ಪೆಟ್ಟಾಗಿ ಒಂದು ತಿಂಗಳು. ನಿನ್ನೆಯಿಂದ ಎಡ ತೊಡೆ ಊದಿದೆ. ಎಕ್ಸ್‌ರೇಲಿ ಏನೂ ಇಲ್ಲ. ಇದೂ ಅದೇನಾ?

ಉತ್ತರ: ಇರಬಹುದು, ಮೊದಮೊದಲು ಎಕ್ಸ್‌ರೇಯಲ್ಲಿ ಕಾಣಿಸುವುದಿಲ್ಲ. ಆದರೆ ಮಲಗಿದ್ದವರಿಗೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೂ ಹೀಗೇ ಊದುತ್ತದೆ, ಅದು ಪ್ರಾಣಕ್ಕೇ ಕುತ್ತು. ನಾಳೆ ಅನ್ನಬೇಡಿ, ಇವತ್ತೇ ಕರೆದುಕೊಂಡು ಹೋಗಿ ರಕ್ತನಾಳ ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿ. ಅಲ್ಲಿವರೆಗೆ ಆ ಕಾಲು ನೀವಲೇಬೇಡಿ.

ಪ್ರಶ್ನೆ (ಮಂಡ್ಯ): ಎಣ್ಣೆಯವರಿಗೆ ಬೇಡ ಅಂದೆವು ಡಾಕ್ಟ್ರೇ. ಆಪರೇಷನ್ ಮಾಡಿ ತೆಗೆಯಲ್ವಾ?

ಉತ್ತರ: ಎಲ್ಲರಿಗೂ ಬೇಕಾಗಲ್ಲ. ಮೂಳೆ ಬಲಿಯುವ ಮುಂಚೆ ಕೈ ಹಾಕಿದರೆ ಮತ್ತೆ ಬೆಳೆಯಬಹುದು ಅಂತ ಹಿಂದೆ 18 ತಿಂಗಳು ಕಾಯಿಸುತ್ತಿದ್ದರು, ಈಗ ಕೆಲವರಿಗೆ ಅದಕ್ಕಿಂತ ಬೇಗ ಮಾಡುತ್ತಾರೆ. ಮೂಳೆ ಬೆಳೆಯುವುದನ್ನು ತಡೆಯೋಕೆ ಇಂಡೊಮೆಥಾಸಿನ್‌ನಂಥ ಮಾತ್ರೆಗಳೂ ಇವೆ, ಆದರೆ ಹೊಟ್ಟೆ, ಕಿಡ್ನಿ ನೋಡಿಯೇ ಕೊಡಬೇಕು. ಮೆಡಿಕಲ್ ಸ್ಟೋರಲ್ಲಿ ಕೇಳಿ ತಗೋಬೇಡಿ. ಸದ್ಯಕ್ಕೆ ಉದ್ದ ಹಿಡಿಯ ಚಮಚ ಕೊಡಿ, ಅನ್ನ ಸಾರು ಅವನೇ ತಿನ್ನಲಿ.