ಅಕ್ಟೋಬರ್ ಕೊನೆಗೆ ಶೆಫೀಲ್ಡ್‌ಗೆ ಹೊರಟಿದ್ದೇವೆ: ಬಟ್ಟೆ, ಊಟ, ಅಲ್ಲಿನ ಆಚರಣೆ ಬಲ್ಲವರು ತಿಳಿಸಿ

ಪ್ರಶ್ನೆ

ನಮಸ್ಕಾರ. ಮೈಸೂರಿನಿಂದ ಇಂಗ್ಲೆಂಡಿನ ಶೆಫೀಲ್ಡ್‌ಗೆ ಹೊರಟಿದ್ದೇವೆ. ನಾವಿಬ್ಬರು, ಆರು ವರ್ಷದ ಮಗಳು. ಮೇ ತಿಂಗಳಲ್ಲಿ ಅತ್ತೆಯವರೂ ಬರುತ್ತಾರೆ, ಅವರು ಸೀರೆ ಬಿಟ್ಟು ಬೇರೇನೂ ಉಡುವವರಲ್ಲ. ಸಸ್ಯಾಹಾರಿಗಳು, ಮೊಟ್ಟೆಯೂ ತಿನ್ನುವುದಿಲ್ಲ. ಯಾವ ಬಟ್ಟೆ ಒಯ್ಯಬೇಕು, ಯಾವುದನ್ನು ಅಲ್ಲೇ ಕೊಳ್ಳಬೇಕು? ಅಲ್ಲಿನವರ ಹಬ್ಬ, ಮದುವೆಗೆ ಕರೆ ಬಂದರೆ ಹೇಗೆ ನಡೆದುಕೊಳ್ಳಬೇಕು? ಬರೀ ನಮ್ಮವರ ನಡುವೆಯೇ ಇರದೆ ಊರಿನವರ ಜೊತೆ ಬೆರೆಯುವ ಆಸೆ ಇದೆ.

ಲೀಡ್ಸ್‌ನಿಂದ

ಬೆಂಗಳೂರಿನಲ್ಲಿ ದಪ್ಪ ಜಾಕೆಟ್‌ಗೆ ದುಡ್ಡು ಸುರಿಯಬೇಡಿ. ಅದು ಒಣ ಹಿಮದ ಚಳಿಗೆ ಸರಿ. ಇಲ್ಲಿಯದು ಒದ್ದೆ ಚಳಿ: ಜಿನುಗು ಮಳೆ, ಅಡ್ಡಗಾಳಿ. ಹಕ್ಕಿಪುಕ್ಕ ತುಂಬಿದ ಜಾಕೆಟ್ ನೆಂದರೆ ಪುಕ್ಕ ಮುದ್ದೆಗಟ್ಟಿ ಬಿಸಿ ಹಿಡಿಯುವುದೇ ಇಲ್ಲ. ತೊಡೆಯವರೆಗೆ ಬರುವ, ತಲೆಗೆ ಹುಡ್ ಇರುವ ವಾಟರ್‌ಪ್ರೂಫ್ ಕೋಟನ್ನು ಇಲ್ಲಿಗೆ ಬಂದ ಮೇಲೆ ಕೊಳ್ಳಿ. ಚೀಟಿಯಲ್ಲಿ ನೀರು ತಡೆಯುವ ಅಳತೆ 10,000 ಮಿ.ಮೀ. ಎಂದಿದ್ದರೆ ದಿನಬಳಕೆಗೆ ಸಾಕು. ಕೊಡೆಯನ್ನು ನಂಬಬೇಡಿ, ಗಾಳಿಗೆ ಮಗುಚಿಕೊಳ್ಳುತ್ತದೆ.

ಒಳಗೆ ಪದರ ಪದರವಾಗಿ ಹಾಕಿ: ಮೈಗಂಟುವ ಥರ್ಮಲ್, ಅದರ ಮೇಲೆ ಅಂಗಿ, ಆಮೇಲೆ ತೆಳು ಉಣ್ಣೆಯ ಸ್ವೆಟರ್. ಬಸ್ಸು, ಆಫೀಸು, ಅಂಗಡಿಗಳಲ್ಲಿ ಹೀಟರ್ ಇರುತ್ತದೆ. ಒಂದೇ ದಪ್ಪ ಸ್ವೆಟರ್ ಹಾಕಿದರೆ ಒಳಗೆ ಬೆವರಿ, ಹೊರಗೆ ಬಂದ ಕೂಡಲೇ ಆ ಬೆವರೇ ತಣ್ಣಗಾಗಿ ನಡುಗಿಸುತ್ತದೆ. ಥರ್ಮಲ್, ಕಾಟನ್ ಒಳಉಡುಪು, ಕಾಲುಚೀಲ ಊರಿನಿಂದ ತನ್ನಿ. ಮಳೆಗೆ ಜೀನ್ಸ್ ಬೇಡ, ಒಮ್ಮೆ ನೆಂದರೆ ಸಂಜೆಯವರೆಗೂ ಒಣಗದು. ನವೆಂಬರಿನಲ್ಲಿ ಫುಟ್‌ಪಾತ್ ತುಂಬ ಕೊಳೆತ ಎಲೆ ಹರಡಿರುತ್ತದೆ, ನುಣುಪು ಅಟ್ಟೆಯ ಶೂ ಜಾರುತ್ತದೆ. ಶೆಫೀಲ್ಡ್ ಎಂದರೆ ಬರೀ ಏರಿಳಿತ, ಕಚ್ಚು ಇರುವ ರಬ್ಬರ್ ಅಟ್ಟೆಯೇ ಬೇಕು.

ಮಗಳ ಯೂನಿಫಾರ್ಮ್‌ನಲ್ಲಿ ಶಾಲೆಯ ಲಾಂಛನ ಇರಲೇಬೇಕಾದವನ್ನು ಮಾತ್ರ ಶಾಲೆ ಹೇಳುವ ಅಂಗಡಿಯಲ್ಲಿ ಕೊಳ್ಳಿ. ಬೂದು ಪಿನಾಫೋರ್ (ತೋಳಿಲ್ಲದ ಫ್ರಾಕ್), ಬಿಳಿ ಪೋಲೋ, ಕಪ್ಪು ಶೂ ಎಲ್ಲ ಸೂಪರ್‌ಮಾರ್ಕೆಟ್‌ನಲ್ಲಿ ಅಗ್ಗ. ಮಕ್ಕಳ ಬಟ್ಟೆ, ಶೂಗಳಿಗೆ ವ್ಯಾಟ್ ಇಲ್ಲ, ದೊಡ್ಡವರದ್ದಕ್ಕೆ 20 ಶೇಕಡ ಇದೆ. ಪ್ರತಿ ಬಟ್ಟೆಗೂ ಹೆಸರಿನ ಪಟ್ಟಿ ಹಚ್ಚಿ. ಮೂವತ್ತು ಮಕ್ಕಳ ಸ್ವೆಟರ್ ಒಂದೇ ಬಣ್ಣದ್ದು.

ಇನ್ನೆರಡು ಮಾತು. ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕಾಗುವ ಮುಂಚೆಯೇ ಸೂರ್ಯ ಮುಳುಗಿರುತ್ತಾನೆ. ಅಕ್ಟೋಬರಿನಿಂದ ಮಾರ್ಚ್‌ವರೆಗೆ ದಿನಕ್ಕೆ 10 ಮೈಕ್ರೋಗ್ರಾಂ, ಅಂದರೆ 400 ಐಯು ವಿಟಮಿನ್ ಡಿ ತೆಗೆದುಕೊಳ್ಳುವುದನ್ನು ಯೋಚಿಸಿ ಎಂಬುದು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಸಲಹೆ. ನಮ್ಮ ಮೈಬಣ್ಣದವರಿಗೆ ವರ್ಷವಿಡೀ.

ಬರ್ಮಿಂಗ್‌ಹ್ಯಾಮ್‌ನಿಂದ

ಊಟದ್ದು ನಾ ಹೇಳ್ತೀನ್ರಿ. ನಿಮ್ಮ ಶೆಫೀಲ್ಡ್ ಇರೂ ಯಾರ್ಕ್‌ಶೈರ್‌ನ್ಯಾಗ ಚಿಪ್ಸ್ (ನಮ್ಮ ಫ್ರೆಂಚ್ ಫ್ರೈಸ್ ಇದ್ದಂಗ) ಅಂದ್ರ ಬರೇ ಆಲೂಗಡ್ಡಿ ಅಂತ ತಿಳ್ಕೊಂಡು ತಿನ್ನಬ್ಯಾಡ್ರಿ. ಭಾಳ ಅಂಗಡ್ಯಾಗ ದನದ ಕೊಬ್ಬಿನ್ಯಾಗ ಕರೀತಾರ, ಡ್ರಿಪಿಂಗ್ ಅಂತಾರ ಅದಕ್ಕ. ಕೌಂಟರ್‌ನ್ಯಾಗ ಕೇಳ್ರಿ, ಯಾರೂ ತಪ್ಪು ತಿಳ್ಕೊಳ್ಳಂಗಿಲ್ಲ. ಎಣ್ಣಿ ಅಂದ್ರೂ ಮೀನು ಕರದದ್ದರಾಗ ಕರೀತಾರೇನು ಅಂತ ಇನ್ನೊಂದು ಮಾತು ಕೇಳ್ರಿ.

ಕ್ರಿಸ್‌ಮಸ್ ಪುಡ್ಡಿಂಗು, ಮಿನ್ಸ್ ಪೈ ನೋಡಾಕ ಬರೇ ದ್ರಾಕ್ಷಿ, ಬೆಲ್ಲ ಇದ್ದಂಗ ಕಾಣ್ತಾವ. ಒಳಗ ಸೂಎಟ್ ಅಂತ ದನದ ಕೊಬ್ಬು ಇರಬಹುದು. ಜೆಲ್ಲಿ, ಮಾರ್ಷ್‌ಮೆಲೋದಾಗ ಪ್ರಾಣಿ ಎಲುಬು, ಚರ್ಮದಿಂದ ತಗಿಯೂ ಜೆಲಟಿನ್, ವೂಸ್ಟರ್ ಸಾಸಿನ್ಯಾಗ ಮೀನು. ಸಂಡೇ ರೋಸ್ಟ್ ಅನ್ನೂ ಭಾನುವಾರದ ಮಾಂಸದೂಟಕ್ಕ ಕರದ್ರ, ನಮ್ಮಂಥವರಿಗೆ ಬೀಜಗಳಿಂದ ಮಾಡೂ ನಟ್ ರೋಸ್ಟ್ ಸಿಗ್ತದ, ಆದ್ರ ಮ್ಯಾಲ ಸುರಿಯೂ ಗ್ರೇವಿ ಮಾಂಸದ್ದೇನು ಅಂತ ಕೇಳ್ರಿ.

ನಿಮಗ ಮುಖ್ಯ ಅಂದ್ರ, ಇಲ್ಲಿ ವೆಜಿಟೇರಿಯನ್ ಅಂದ್ರ ಮೊಟ್ಟಿ ನಡೀತದ. ಪಾಕೀಟಿನ್ಯಾಗ ಮೊಟ್ಟಿ, ಹಾಲು, ಮೀನು ಇಂಥ 14 ಅಲರ್ಜಿ ಪದಾರ್ಥ ಎದ್ದು ಕಾಣುವಂಗ ಅಚ್ಚು ಹಾಕಬೇಕು ಅಂತ ಕಾನೂನದ. ದಪ್ಪ ಅಕ್ಷರ ಅಷ್ಟ ಓದಿದ್ರ ಮೊಟ್ಟಿ ಗೊತ್ತಾಗ್ತದ. ಅವಸರ ಇದ್ರ ವೀಗನ್ (ಹಾಲು, ಮೊಟ್ಟಿ ಸುದ್ದಾ ಹಾಕದ್ದು) ಅಂತ ಇದ್ದದ್ದು ತಗೊಳ್ರಿ. ಇಂಗ್ಲೆಂಡಿನ್ಯಾಗ ಎರಡನೇ ವರ್ಷದ ತರಗತಿ ತನಕ ಶಾಲಿ ಊಟ ಎಲ್ಲ ಮಕ್ಕಳಿಗೂ ಪುಕ್ಕಟೆ. ಮೊಟ್ಟಿ ಬ್ಯಾಡ ಅನ್ನೂದನ್ನ ಬರದು ಕೊಡ್ರಿ, ಬಾಯಿಮಾತು ಅಡಿಗಿ ಮನಿಗೆ ಮುಟ್ಟಂಗಿಲ್ಲ.

ರೀಡಿಂಗ್‌ನಿಂದ

ನೀವು ಇಳಿಯುವ ಹೊತ್ತಿಗೇ ಆಚರಣೆಗಳ ಸಾಲು ಶುರುವಾಗುತ್ತದೆ. ಅಕ್ಟೋಬರ್ 31 ಹ್ಯಾಲೋವೀನ್, ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಸಿಹಿ ಕೇಳಲು ಬರುವ ಸಂಜೆ. ಬಾಗಿಲ ಮುಂದೆ ಕೊರೆದ ಕುಂಬಳಕಾಯಿ ಇಟ್ಟರೆ ‘ಮಕ್ಕಳು ಬರಬಹುದು’ ಎಂದರ್ಥ. ಕಾಗದ ಸುತ್ತಿದ ಚಾಕೊಲೇಟ್ ಇಟ್ಟುಕೊಳ್ಳಿ. ಮಗಳನ್ನೂ ಕುಂಬಳ ಇರುವ ಮನೆಗಳಿಗೆ ಮಾತ್ರ ಕರೆದೊಯ್ಯಿರಿ.

ನವೆಂಬರ್ 5 ಬಾನ್‌ಫೈರ್ ನೈಟ್. 1605ರಲ್ಲಿ ಪಾರ್ಲಿಮೆಂಟನ್ನೇ ಸಿಡಿಮದ್ದಿನಿಂದ ಹಾರಿಸಲು ಹೊರಟ ಸಂಚು ಮುರಿದ ನೆನಪು. ಪಟಾಕಿಯನ್ನು ಸ್ವಂತ ಅಂಗಳದಲ್ಲಿ ಹಚ್ಚಬಹುದು, ಬೀದಿಯಲ್ಲಿ ಹಚ್ಚಿದರೆ ದಂಡ. ಮಾಮೂಲು ದಿನ ರಾತ್ರಿ 11ರವರೆಗೆ, ನವೆಂಬರ್ 5ರಂದು 12ರವರೆಗೆ, ದೀಪಾವಳಿ, ಡಿಸೆಂಬರ್ 31 ಮತ್ತು ಚೀನೀ ಹೊಸವರ್ಷದ ರಾತ್ರಿ 1 ಗಂಟೆಯವರೆಗೆ ಅವಕಾಶ. ಕಾನೂನು ಬಿಟ್ಟಿದೆ ಎಂದು ಅಷ್ಟು ಹೊತ್ತು ಹಚ್ಚಬೇಕಿಲ್ಲ. ಅಕ್ಕಪಕ್ಕದಲ್ಲಿ ನಾಯಿ ಇದ್ದರೆ ಎರಡು ದಿನ ಮುಂಚೆ ಚೀಟಿ ಹಾಕಿ. ಸುರ್‌ಸುರ್‌ಬತ್ತಿ ಹಿಡಿಯುವಾಗ ಮಗಳಿಗೆ ಉಣ್ಣೆಯ ಕೈಗವಸು, ಆರಿದ ಕಡ್ಡಿಗೆ ಬಕೆಟ್ ನೀರು ಇರಲಿ. ಆ ರಾತ್ರಿ ಯಾರ್ಕ್‌ಶೈರ್‌ನವರು ಪಾರ್ಕಿನ್ ಎಂಬ ಓಟ್ಸ್, ಶುಂಠಿ, ಕಾಕಂಬಿಯ ಕೇಕ್ ಕೊಡುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ.

ಯುದ್ಧಗಳಲ್ಲಿ ಮಡಿದ ಸೈನಿಕರ ನೆನಪಿಗೆ ನವೆಂಬರ್ 11ರ ಬೆಳಗ್ಗೆ 11 ಗಂಟೆಗೆ ಎರಡು ನಿಮಿಷ ಮೌನ, ಆ ತಿಂಗಳ ಎರಡನೇ ಭಾನುವಾರ ಸ್ಮಾರಕಗಳ ಬಳಿ ಪ್ರಾರ್ಥನೆ. ಅಂಗಡಿಯ ಕೌಂಟರ್‌ಗಳಲ್ಲಿ ಡಬ್ಬಿಗೆ ಕೈಲಾದಷ್ಟು ಕಾಸು ಹಾಕಿ ಕೆಂಪು ಪಾಪಿ (ಗಸಗಸೆ) ಹೂ ತೆಗೆದುಕೊಂಡು ಕೋಟಿಗೆ ಚುಚ್ಚಿಕೊಳ್ಳಿ. ಇದು ಬರೀ ಅವರದ್ದು ಎಂದು ದೂರ ನಿಲ್ಲಬೇಡಿ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾದಲ್ಲಿ ಬ್ರಿಟಿಷರ ಪರ ಹೋರಾಡಿದ್ದು ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆಪಡೆ. ಬ್ರೈಟನ್ ಹೊರಗಿನ ಗುಡ್ಡದ ಮೇಲೆ, ಗಾಯಗೊಂಡು ಬಂದು ಅಲ್ಲೇ ತೀರಿಕೊಂಡ ಹಿಂದೂ, ಸಿಖ್ ಸೈನಿಕರನ್ನು ದಹಿಸಿದ ಜಾಗದಲ್ಲಿ 1921ರಿಂದ ಬಿಳಿ ಅಮೃತಶಿಲೆಯ ಛತ್ರಿ ನಿಂತಿದೆ.

ಡಿಸೆಂಬರ್ ಮೊದಲ ವಾರವೇ ಅಕ್ಕಪಕ್ಕದ ಮನೆಗಳಿಗೆ ಕ್ರಿಸ್‌ಮಸ್ ಕಾರ್ಡ್ ಹಾಕಿ, ಮೂವರ ಹೆಸರೂ ಬರೆಯಿರಿ. ಪರಿಚಯಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. 25ರಂದು ರೈಲಿಲ್ಲ, ದೊಡ್ಡ ಅಂಗಡಿ ತೆರೆಯುವಂತಿಲ್ಲ. ಹಾಲು, ತರಕಾರಿ 24ರ ಮಧ್ಯಾಹ್ನದೊಳಗೆ ಮನೆಯಲ್ಲಿರಲಿ.

ಕೇಂಬ್ರಿಜ್‌ನಿಂದ

ಮದುವೆ ಕರೆಯೋಲೆಯಲ್ಲಿ ಯಾರ ಹೆಸರಿದೆಯೋ ಅವರಷ್ಟೇ ಹೋಗಬೇಕು. ಮಗಳ ಹೆಸರಿಲ್ಲದಿದ್ದರೆ ಅವಳನ್ನು ಕರೆದೊಯ್ಯುವಂತಿಲ್ಲ. ಊಟದ ಎಲೆ ಲೆಕ್ಕ ವಾರಗಳ ಮೊದಲೇ ಮುಗಿದಿರುತ್ತದೆ. ಓಲೆಯಲ್ಲಿ ‘ಈವ್ನಿಂಗ್’ ಎಂದಿದ್ದರೆ ಚರ್ಚಿಗೂ ಮಧ್ಯಾಹ್ನದ ಊಟಕ್ಕೂ ಕರೆ ಇಲ್ಲ. ಸೀರೆ ಧಾರಾಳವಾಗಿ ಉಡಿ, ಆದರೆ ಬಿಳಿ, ಕೆನೆ, ದಂತದ ಬಣ್ಣ ಬೇಡ, ಅದು ಮದುಮಗಳದ್ದು. ಕೆನೆ ಬಣ್ಣದ ಮೈಸೂರು ಸಿಲ್ಕ್ ಬೇರೆ ದಿನಕ್ಕಿರಲಿ. ಗಂಡಸರಿಗೆ ‘ಲೌಂಜ್ ಸೂಟ್’ ಎಂದರೆ ಮಾಮೂಲು ಸೂಟು, ಟೈ. ‘ಬ್ಲ್ಯಾಕ್ ಟೈ’ ಎಂದರೆ ಕಪ್ಪು ಟೈ ಅಲ್ಲ, ಡಿನ್ನರ್ ಜಾಕೆಟ್ ಮತ್ತು ಬೋ ಟೈ.

ರೇಷ್ಮೆ ಸೀರೆಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಹೊರಗೋಡೆಗೆ ಒರಗಿದ ಬೀರುವಿನಲ್ಲಿ ಇಡಬೇಡಿ. ಆ ಗೋಡೆ ತಣ್ಣಗಿದ್ದು ಹಬೆ ಕೂತು ಬೂಷ್ಟು ಹಿಡಿಯುತ್ತದೆ, ಜರಿ ಕಪ್ಪಾಗುತ್ತದೆ. ಬಿಳಿ ಪಂಚೆಯಲ್ಲಿ ಸುತ್ತಿ, ಒಳಗೋಡೆಯ ಪಕ್ಕ ಇಡಿ. ಒಗೆದ ಬಟ್ಟೆಯನ್ನು ಕೋಣೆಯೊಳಗೆ ಒಣಹಾಕುವಾಗ ಕಿಟಕಿ ಸ್ವಲ್ಪ ತೆರೆದಿರಲಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಅತ್ತೆಯವರದು ರಂಗೋಲಿ, ಹೂ ಕಟ್ಟುವುದರಲ್ಲಿ ಪಳಗಿದ ಕೈ. ಅವರು ಸೇರಿಕೊಳ್ಳುವಂಥದ್ದು ಏನಾದರೂ ಇದೆಯೇ?

ಡಾರ್ಬಿಶೈರ್‌ನಿಂದ

ಇದೆ, ಅದೂ ನಿಮ್ಮ ಮನೆಯ ಹತ್ತಿರವೇ. ಶೆಫೀಲ್ಡ್ ಪಕ್ಕದ ಗುಡ್ಡಗಾಡು ಪೀಕ್ ಡಿಸ್ಟ್ರಿಕ್ಟ್‌ನ ಹಳ್ಳಿಗಳಲ್ಲಿ ಬಾವಿ, ಬುಗ್ಗೆಗಳಿಗೆ ಹೂವಿನ ಅಲಂಕಾರ ಮಾಡುತ್ತಾರೆ, ವೆಲ್ ಡ್ರೆಸ್ಸಿಂಗ್ ಎಂದು ಹೆಸರು. ಗಂಗೆ ಪೂಜೆ ಮಾಡಿದವರಿಗೆ ಇದರ ಭಾವ ಬಿಡಿಸಿ ಹೇಳಬೇಕಿಲ್ಲ. ಟಿಸಿಂಗ್ಟನ್‌ನಲ್ಲಿ ಏಸು ಸ್ವರ್ಗಕ್ಕೇರಿದ ನೆನಪಿನ ಅಸೆನ್ಷನ್ ಗುರುವಾರ, ಅಂದರೆ ಈಸ್ಟರ್‌ನಿಂದ ಎಣಿಸಿ 40ನೇ ದಿನ, ಹೆಚ್ಚಾಗಿ ಮೇ ತಿಂಗಳಲ್ಲೇ. ಯೂಲ್‌ಗ್ರೀವ್‌ನಲ್ಲಿ ಜೂನ್ ಕೊನೆಗೆ, ಈಮ್‌ನಲ್ಲಿ ಆಗಸ್ಟ್ ಕೊನೆಗೆ.

ಕೆಲಸ ಹೀಗೆ ಸಾಗುತ್ತದೆ. ಮೊಳೆ ಬಡಿದ ಮರದ ಹಲಗೆಗಳನ್ನು ಕೆಲವು ದಿನ ಕೆರೆಯಲ್ಲಿ ನೆನೆಹಾಕುತ್ತಾರೆ. ಒಣ ಹಲಗೆ ಜೇಡಿಯ ನೀರು ಹೀರಿ ಬಿರುಕು ಬಿಡಿಸುತ್ತದೆ. ಜೇಡಿಮಣ್ಣಿಗೆ ಉಪ್ಪು ಬೆರೆಸಿ ತುಳಿದು, ಸುಮಾರು ಒಂದು ಇಂಚು ದಪ್ಪ ಮೆತ್ತುತ್ತಾರೆ. ಉಪ್ಪು ಹಸಿ ಆರದಂತೆ ನೋಡಿಕೊಳ್ಳುತ್ತದೆ, ಮೊಳೆಗಳು ಮಣ್ಣು ಜಾರದಂತೆ ಹಿಡಿಯುತ್ತವೆ. ಚಿತ್ರ ಬರೆದ ಕಾಗದವನ್ನು ಮೇಲಿಟ್ಟು ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚುತ್ತಾರೆ. ಕಾಗದ ತೆಗೆದ ಮೇಲೆ ಉಳಿದ ಚುಕ್ಕೆಗಳ ಮೇಲೆ ಆಲ್ಡರ್ ಮರದ ಪುಟ್ಟ ಕಾಯಿ ಅಥವಾ ಕಾಫಿ ಬೀಜ ಒತ್ತಿ ಅಂಚು ಕಟ್ಟುತ್ತಾರೆ. ಕೊನೆಗೆ ಎಸಳು. ಕೆಳಗಿನಿಂದ ಶುರುಮಾಡಿ, ಮಂಗಳೂರು ಹೆಂಚು ಹೊದಿಸಿದಂತೆ ಮೇಲಿನ ಸಾಲು ಕೆಳಗಿನದರ ತುದಿಯನ್ನು ಮುಚ್ಚಬೇಕು. ತಿರುಗಮುರುಗ ಮಾಡಿದರೆ ಮಳೆನೀರು ಎಸಳಿನಡಿ ನುಗ್ಗಿ ಎಲ್ಲ ಕಿತ್ತುಬರುತ್ತದೆ. ಸರಿಯಾಗಿ ಕೂತದ್ದು ಒಂದು ವಾರ ಬಾಳುತ್ತದೆ.

ಎಸಳು ಅಂಟಿಸುವುದು ಕೊನೆಯ ಕೆಲವೇ ದಿನಗಳ ಅವಸರದ ಕೆಲಸ, ಎಷ್ಟು ಕೈ ಬಂದರೂ ಬೇಕು. ಹಳ್ಳಿಯ ಹಾಲ್‌ನ ಬೋರ್ಡಿನಲ್ಲಿ ದಿನ, ಹೊತ್ತು ಹಾಕುತ್ತಾರೆ. ಹೋಗಿ ‘ಕೈ ಜೋಡಿಸಬಹುದೇ’ ಎಂದು ಕೇಳಿ. ಅತ್ತೆಯವರಿಗೆ ಹಳೆಯ ಕಾಟನ್ ಸೀರೆ, ಸೆರಗು ಸೊಂಟಕ್ಕೆ. ಜೇಡಿ ಅಂಟಿದರೆ ಹಸಿಯಿದ್ದಾಗ ಉಜ್ಜಬೇಡಿ, ನೂಲಿನೊಳಕ್ಕೆ ಇಳಿಯುತ್ತದೆ. ಒಣಗಿಸಿ, ಕೊಡವಿ, ಆಮೇಲೆ ತಣ್ಣೀರಲ್ಲಿ ಹಿಂಡಿ.